ಸವಾಲಿಗೆ ಹುಡುಗಿಯರ ಜವಾಬು

1973ರ ಆಗಸ್ಟ್ 11ರ ರಾತ್ರಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಒಂದು ಪಾರ್ಟಿ ನಡೆಯಿತು. ನಡೆಸಿದವಳು ಸಿಂಡಿ ಕ್ಯಾಂಪ್‌ಬೆಲ್ ಎಂಬ ಶಾಲೆ ಓದುವ ಹುಡುಗಿ. ಜಮೈಕಾದಿಂದ ವಲಸೆ ಬಂದ ಮನೆಯವಳು. ರಜೆ ಮುಗಿದು ಶಾಲೆ ಶುರುವಾಗುವುದರಲ್ಲಿತ್ತು, ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಸೆಜ್‌ವಿಕ್ ಅವೆನ್ಯೂ ರಸ್ತೆಯಲ್ಲಿ ತಾವಿದ್ದ 1520ನೇ ನಂಬರಿನ ಕಟ್ಟಡದ ಹಾಲ್ ಹಿಡಿದಳು. ಕಾರ್ಡುಗಳ ಮೇಲೆ ಕೈಯಿಂದ ಬರೆದು ಆಹ್ವಾನ ಹಂಚಿದರು: ಹೆಣ್ಣುಮಕ್ಕಳಿಗೆ 25 ಸೆಂಟ್, ಗಂಡುಮಕ್ಕಳಿಗೆ 50. ಹಾಡು ಹಾಕುವ ಕೆಲಸ ಮಾತ್ರ ಅಣ್ಣ ಕ್ಲೈವ್‌ನದು.

ಇತಿಹಾಸದಲ್ಲಿ ದೊಡ್ಡದಾಗಿ ಉಳಿದದ್ದು ಅಣ್ಣನ ಹೆಸರು, ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಗಾಯಕರ ದನಿ ನಿಂತು ಬರೀ ಡ್ರಮ್ ಬಡಿತ ಉಳಿಯುವ ತುಣುಕು ಬಂದಾಗ ಕುಣಿಯುವವರಿಗೆ ಹುಮ್ಮಸ್ಸು ಏರುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಅದು ಮುಗಿಯುತ್ತಿದ್ದಂತೆ ಇದು, ಇದು ಮುಗಿಯುತ್ತಿದ್ದಂತೆ ಅದು ಎಂದು ಆ ತುಣುಕನ್ನೇ ಎಳೆಯುವ ಕಸುಬನ್ನು ಬೆಳೆಸಿದ. ಆ ಬಡಿತದ ಮೇಲೆ ಮೈಕು ಹಿಡಿದು ಪ್ರಾಸ ಕಟ್ಟಿ ಮಾತಾಡುವವರು ಹುಟ್ಟಿಕೊಂಡರು. ಅದೇ ರ‍್ಯಾಪ್. ಆರು ವರ್ಷದ ನಂತರ, 1979ರಲ್ಲಿ, ಈ ಬೀದಿಯ ಆಟವನ್ನು ರೆಕಾರ್ಡಿಗಿಳಿಸಿದರೆ ಊರೆಲ್ಲ ಕೊಳ್ಳುತ್ತದೆ ಎಂದು ತೋರಿಸಿಕೊಟ್ಟದ್ದೂ ಒಬ್ಬ ಹೆಣ್ಣುಮಗಳೇ. ನ್ಯೂಜೆರ್ಸಿಯಲ್ಲಿ ಗಂಡನ ಜೊತೆ ಶುಗರ್ ಹಿಲ್ ರೆಕಾರ್ಡ್ಸ್ ಕಂಪನಿ ಕಟ್ಟಿದ ಸಿಲ್ವಿಯಾ ರಾಬಿನ್‌ಸನ್. ಆಕೆ ಹೊರತಂದ ‘ರ‍್ಯಾಪರ್ಸ್ ಡಿಲೈಟ್’ನಿಂದಲೇ ಬ್ರಾಂಕ್ಸ್ ದಾಟಿ ಜಗತ್ತಿಗೆ ರ‍್ಯಾಪ್ ಪರಿಚಯವಾಯಿತು.

ಹೆಂಗಸರನ್ನು ಹೀನಾಯವಾಗಿ ಬೈಯುವ ಸಂಗೀತ ಎಂದು ನನ್ನ ವಯಸ್ಸಿನವರು ಮೂಗು ಮುರಿಯುವ ಈ ಪ್ರಕಾರದ ಬಾಣಂತನ ಮಾಡಿದವರು ಈ ಇಬ್ಬರು ಹೆಂಗಸರು. ಮೂಗು ಮುರಿಯುವುದು ಪೂರ್ತಿ ತಪ್ಪೂ ಅಲ್ಲ. ಆದರೆ ಕಥೆ ಅಷ್ಟು ಸರಳವಿಲ್ಲ.

ನಾನು ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಸೈಕಾಲಜಿ ಕಲಿಸುತ್ತೇನೆ. ಸಾಂಸ್ಕೃತಿಕ ಸಮಿತಿಯ ಹೊಣೆಯನ್ನೂ ನನ್ನ ಕೊರಳಿಗೇ ಕಟ್ಟಿದ್ದಾರೆ. ಗ್ಯಾದರಿಂಗ್ ಹತ್ತಿರ ಬಂತೆಂದರೆ ಮಕ್ಕಳು ಪೆನ್‌ಡ್ರೈವ್ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಾರೆ. ಡ್ಯಾನ್ಸಿಗೆ ತಂದ ಹಾಡು ಕೇಳಿ ಇದು ಇರಲಿ, ಇದು ಬೇಡ ಎನ್ನುವುದು ನನ್ನ ಕೆಲಸ. ಹಿಂದಿ ರ‍್ಯಾಪ್, ಪಂಜಾಬಿ ರ‍್ಯಾಪ್, ಇಂಗ್ಲಿಷ್, ಈಗೀಗ ಕನ್ನಡದ್ದೂ ಬರುತ್ತವೆ. ಬೇಡವೆಂದ ಕೂಡಲೇ ಬರುವ ಉತ್ತರ ಪ್ರತಿ ವರ್ಷವೂ ಒಂದೇ: “ಮ್ಯಾಡಂ, ಹಾಡಿನ್ಯಾಗಿನ ಮಾತು ಯಾರ್ ಕೇಳ್ತಾರ್ರಿ? ಬೀಟ್ ಅಷ್ಟ ಕೇಳ್ತಾರ್ರಿ.”

ಗಂಡುಹುಡುಗರು ಹೀಗೆಂದರೆ ನನಗೆ ಆಶ್ಚರ್ಯವಿಲ್ಲ. ಆದರೆ ಈ ಮಾತನ್ನು ಹೆಚ್ಚು ಜೋರಾಗಿ ಹೇಳುವವರು ಹುಡುಗಿಯರು. ಕುಣಿಯುವವರು ಅವರೇ ತಾನೆ? ಹಾಡಿನೊಳಗಿನವನು ಯಾವಳನ್ನೋ ಹರಾಜಿಗಿಟ್ಟಂತೆ ಬಣ್ಣಿಸುತ್ತಿರುತ್ತಾನೆ, ಇವರು ಅದೇ ಸಾಲಿಗೆ ಸೊಂಟದ ಮೇಲೆ ಕೈಯಿಟ್ಟು ನಗುತ್ತ ಸ್ಟೆಪ್ ಹಾಕುತ್ತಿರುತ್ತಾರೆ. ರ‍್ಯಾಪ್ ಕೇಳಿ ಗಂಡುಹುಡುಗರು ಕೆಡುತ್ತಾರೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೇಳುತ್ತ ಕುಣಿಯುವ ಹುಡುಗಿಗೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ನನ್ನ ತಲೆ ಕೊರೆದದ್ದು ಈ ಎರಡನೆಯ ಪ್ರಶ್ನೆ.

ಮೊದಲು, ಈ ಸಂಗೀತ ಯಾವಾಗ ಆ ಹಾದಿ ಹಿಡಿಯಿತು ಎಂಬುದು. ಎಪ್ಪತ್ತರ ದಶಕದ ಬ್ರಾಂಕ್ಸ್ ಬಡವರ ಊರು. ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿ ಕೇರಿಗಳನ್ನು ಸೀಳಿಕೊಂಡು ಹೋಗಿತ್ತು. ಕಾರ್ಖಾನೆ ಕೆಲಸಗಳು ಹೋದವು, ಕಟ್ಟಡಗಳು ಒಂದರ ಹಿಂದೊಂದು ಬೆಂಕಿಗೆ ಆಹುತಿಯಾದವು. 1982ರಲ್ಲಿ ಸಿಲ್ವಿಯಾ ರಾಬಿನ್‌ಸನ್ ಅವರದೇ ಕಂಪನಿಯಿಂದ ಬಂದ ‘ದ ಮೆಸೇಜ್’ ಈ ಬದುಕನ್ನೇ ಹಾಡಾಗಿಸಿತು. ಎಂಬತ್ತರ ದಶಕದ ಕೊನೆಗೆ ಲಾಸ್ ಏಂಜಲೀಸ್ ಕಡೆಯಿಂದ ಇನ್ನೊಂದು ದನಿ ಎದ್ದಿತು. 1988ರಲ್ಲಿ ಎನ್‌ಡಬ್ಲ್ಯುಎ ತಂಡದ ‘ಸ್ಟ್ರೇಟ್ ಔಟಾ ಕಾಂಪ್ಟನ್’ ಬಂತು. ಕರಿಯರ ಮೇಲೆ ಪೊಲೀಸರು ನಡೆಸುತ್ತಿದ್ದ ದೌರ್ಜನ್ಯದ ವಿರುದ್ಧ ಅದರಲ್ಲಿದ್ದ ಸಿಟ್ಟು ನಿಜವಾದದ್ದು. ಅದೇ ಉಸಿರಿನಲ್ಲಿ ಹೆಂಗಸರಿಗೆ ಬಿದ್ದ ಬೈಗುಳವೂ ನಿಜವಾದದ್ದೇ.

ಇಲ್ಲಿ ದುಡ್ಡಿನ ಲೆಕ್ಕ ಬರುತ್ತದೆ. ಯಾವ ಆಲ್ಬಂ ಎಷ್ಟು ಮಾರಾಟವಾಯಿತೆಂದು ಬಿಲ್‌ಬೋರ್ಡ್ ಪತ್ರಿಕೆ ಅಂಗಡಿಯವರನ್ನು ಕೇಳಿ ಪಟ್ಟಿ ಮಾಡುತ್ತಿತ್ತು. ಅಂಗಡಿಯವರು ಹೇಳಿದ್ದೇ ಸತ್ಯ. 1991ರಲ್ಲಿ ಗಲ್ಲೆಯಲ್ಲಿ ಬಾರ್‌ಕೋಡ್ ಓದಿಸಿ ಲೆಕ್ಕ ಹಾಕುವ ಸೌಂಡ್‌ಸ್ಕ್ಯಾನ್ ಪದ್ಧತಿ ಬಂತು. ಬಂದ ಕೆಲವೇ ವಾರಗಳಲ್ಲಿ ಎನ್‌ಡಬ್ಲ್ಯುಎ ತಂಡದ ಮುಂದಿನ ಆಲ್ಬಂ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. ಹಾಡು ಹುಟ್ಟಿದ ಕೇರಿಯವರಷ್ಟೇ ಕೊಂಡರೆ ಆ ಸಂಖ್ಯೆ ಬರುವುದಿಲ್ಲ. ದೂರದ ಬಡಾವಣೆಗಳ ಸುಖವಾಗಿದ್ದ ಮನೆಯ ಬಿಳಿಯ ಹುಡುಗರೂ ಕೊಳ್ಳುತ್ತಿದ್ದರು. ಯಾವ ಬಗೆಯ ರ‍್ಯಾಪ್‌ಗೆ ಬೇಡಿಕೆ ಇದೆ ಎಂದು ಕಂಪನಿಗಳಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ. ಬೈಗುಳ ಬರೆದವನ ಪಾಲು ಎಷ್ಟು, ಅದಕ್ಕೆ ದುಡ್ಡು ಹೂಡಿದವನ ಪಾಲು ಎಷ್ಟು, ಕೊಂಡವನ ಪಾಲು ಎಷ್ಟು ಎಂದು ಬೆಲ್ ಹುಕ್ಸ್ ಅವರಂಥ ಕರಿಯ ಸ್ತ್ರೀವಾದಿ ಲೇಖಕಿಯರು ಮುಂದೆ ಕೇಳಿದ್ದು ಇದೇ ಕಾರಣಕ್ಕೆ.

ಮಾತು ಮಾತಾಗಿ ಮಾತ್ರ ಉಳಿಯಲಿಲ್ಲ ಎಂಬುದಕ್ಕೆ ಒಂದು ಘಟನೆ ಸಾಕು. 1991ರ ಜನವರಿಯಲ್ಲಿ ಎನ್‌ಡಬ್ಲ್ಯುಎಯ ಡಾಕ್ಟರ್ ಡ್ರೆ ಒಂದು ಪಾರ್ಟಿಯಲ್ಲಿ ಡೀ ಬಾರ್ನ್ಸ್ ಎಂಬ ಟಿವಿ ನಿರೂಪಕಿಯನ್ನು ಹೊಡೆದರು. ಆಕೆ ರ‍್ಯಾಪ್ ಲೋಕದವರೇ, ಅವರ ಕಾರ್ಯಕ್ರಮ ನಡೆಯುತ್ತಿದ್ದುದೂ ರ‍್ಯಾಪ್ ಬಗ್ಗೆಯೇ. ಕೋರ್ಟಿನಲ್ಲಿ ಡ್ರೆ ಆರೋಪವನ್ನು ಎದುರಿಸಿ ವಾದಿಸಲಿಲ್ಲ. 2015ರಲ್ಲಿ ಎನ್‌ಡಬ್ಲ್ಯುಎ ಕುರಿತ ಸಿನಿಮಾ ಬಂದಾಗ ಅದರಲ್ಲಿ ಈ ಘಟನೆಯೇ ಇರಲಿಲ್ಲ. ಬಾರ್ನ್ಸ್ ಆ ಬಗ್ಗೆ ಬಹಿರಂಗವಾಗಿ ಬರೆದರು. ಆಮೇಲೆ, ತಾನು ನೋಯಿಸಿದ ಹೆಂಗಸರ ಕ್ಷಮೆ ಕೇಳುತ್ತೇನೆ ಎಂದು ಡ್ರೆ ಹೇಳಿಕೆ ಕೊಟ್ಟರು. ನಡುವೆ ಕಳೆದದ್ದು 24 ವರ್ಷ. ಅಷ್ಟು ಹೊತ್ತಿಗೆ ಡ್ರೆ ಹೆಡ್‌ಫೋನ್ ಮಾರಿ ಕೋಟ್ಯಧೀಶರಾಗಿದ್ದರು.

ನಿಷೇಧ ಹಾಕಿದರೆ ಮುಗಿಯಿತಲ್ಲ ಎನ್ನುವವರಿಗೆ ಫ್ಲಾರಿಡಾದ ಪ್ರಕರಣ ಹೇಳಬೇಕು. ಟೂ ಲೈವ್ ಕ್ರೂ ಎಂಬ ತಂಡ 1989ರಲ್ಲಿ ಹೊರತಂದ ಆಲ್ಬಂ ತುಂಬ ಹಸಿಹಸಿ ಲೈಂಗಿಕ ಮಾತು. 1990ರ ಜೂನ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ಅಶ್ಲೀಲ ಎಂದು ತೀರ್ಪಿತ್ತರು. ಆಮೇಲೂ ಆಲ್ಬಂ ಮಾರಿದ ಅಂಗಡಿಯವನನ್ನು ಪೊಲೀಸರು ಹಿಡಿದರು. ವೇದಿಕೆಯಲ್ಲಿ ಹಾಡಿದ್ದಕ್ಕೆ ತಂಡದವರನ್ನೂ ಹಿಡಿದರು. ಅಕ್ಟೋಬರ್‌ನಲ್ಲಿ ಜ್ಯೂರಿ ತಂಡದವರನ್ನು ಖುಲಾಸೆ ಮಾಡಿತು, 1992ರಲ್ಲಿ ಮೇಲ್ಮನವಿ ಕೋರ್ಟು ಆಲ್ಬಂ ಮೇಲಿನ ತೀರ್ಪನ್ನೂ ತಳ್ಳಿಹಾಕಿತು. ಅಷ್ಟರಲ್ಲಿ ಪುಕ್ಕಟೆ ಪ್ರಚಾರವಂತೂ ಸಿಕ್ಕಿಯಾಗಿತ್ತು.

ಈ ಪ್ರಕರಣದ ಬಗ್ಗೆ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ ಬರೆದದ್ದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಬಿಡಿಸಿ ಹೇಳಿದ್ದೇನೆ. ಅವರ ವಾದದ ತಿರುಳು ಇಷ್ಟು. ಹಾಡಿನಲ್ಲಿ ಅವಮಾನಕ್ಕೆ ಈಡಾದವರು ಕರಿಯ ಹೆಂಗಸರು. ಕೇಸು ಹಾಕಿದವರಿಗೆ ಆ ಹೆಂಗಸರ ಮೇಲೆ ಯಾವ ಪ್ರೀತಿಯೂ ಇರಲಿಲ್ಲ, ಕರಿಯ ಗಂಡಸರ ಬಾಯಿ ಕಂಡರೆ ಭಯ ಅಷ್ಟೇ. ತಂಡದ ಪರ ನಿಂತವರು, ಇದು ಕರಿಯರ ಹಾಸ್ಯ ಪರಂಪರೆ, ಅರ್ಥಮಾಡಿಕೊಳ್ಳಿ ಎಂದರು. ಎರಡೂ ಕಡೆಯವರು ಸೇರಿ ಆ ಹೆಂಗಸರಿಗೆ ಹೇಳಿದ್ದು, ನೀನು ಸುಮ್ಮನಿರು ಎಂದೇ. ಹೆಣ್ಣುಮಕ್ಕಳ ಮಾನದ ಹೆಸರಿನಲ್ಲಿ ಎದ್ದ ಗದ್ದಲದಲ್ಲಿ ಅವರನ್ನು ಮಾತಾಡಿಸಿದವರೇ ಇಲ್ಲ. ನಮ್ಮ ಕಡೆಯ ಪಂಚಾಯ್ತಿ ಕಟ್ಟೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನು, ಪರಿಣಾಮ ಎಂಬುದು ನಿಜಕ್ಕೂ ಇದೆಯೇ? ಅಳೆಯಲು ಪ್ರಯತ್ನಿಸಿದವರಿದ್ದಾರೆ. ರೊನಾಲ್ಡ್ ವೀಟ್ಸರ್ ಮತ್ತು ಚಾರಿಸ್ ಕುಬ್ರಿನ್ 1992ರಿಂದ 2000ದವರೆಗೆ ಪ್ಲಾಟಿನಂ ಮಾರಾಟ ಕಂಡ ಆಲ್ಬಂಗಳಿಂದ 403 ರ‍್ಯಾಪ್ ಹಾಡುಗಳನ್ನು ಆರಿಸಿ ಸಾಲುಸಾಲಾಗಿ ಓದಿದರು. ಸ್ತ್ರೀದ್ವೇಷ ಕಂಡದ್ದು ಶೇ. 22ರಲ್ಲಿ. ಎಲ್ಲ ರ‍್ಯಾಪೂ ಹೊಲಸು ಎನ್ನುವವರಿಗೆ ಇದು ಕಡಿಮೆ ಅನ್ನಿಸೀತು. ನನಗೇನೂ ಕಡಿಮೆ ಅನ್ನಿಸಲಿಲ್ಲ. ಐದರಲ್ಲಿ ಒಂದಕ್ಕಿಂತ ಹೆಚ್ಚು, ಅದೂ ಅತಿ ಹೆಚ್ಚು ಮಾರಾಟವಾದವುಗಳಲ್ಲಿ.

1995ರಲ್ಲಿ ಕ್ರಿಸ್ಟಿ ಬರೋಂಗನ್ ಮತ್ತು ಗಾರ್ಡನ್ ಹಾಲ್ ಒಂದು ಪ್ರಯೋಗ ಮಾಡಿದರು. 27 ಯುವಕರಿಗೆ ಹೆಂಗಸರನ್ನು ಹೀಗಳೆಯುವ ರ‍್ಯಾಪ್ ಕೇಳಿಸಿದರು, ಇನ್ನು 27 ಮಂದಿಗೆ ಸಾದಾ ರ‍್ಯಾಪ್. ಆಮೇಲೆ ಮೂರು ಸಿನಿಮಾ ತುಣುಕು ತೋರಿಸಿ, ಇವುಗಳಲ್ಲಿ ಒಂದನ್ನು ಪಕ್ಕದ ಕೋಣೆಗೆ ಬರುವ ಯುವತಿಗೆ ತೋರಿಸಬೇಕು, ಆರಿಸಿ ಎಂದರು. ಮೊದಲ ಗುಂಪಿನಲ್ಲಿ ಶೇ. 30ರಷ್ಟು ಜನ ಹೆಣ್ಣಿನ ಮೇಲೆ ಹಲ್ಲೆಯಾಗುವ ತುಣುಕನ್ನೇ ಆರಿಸಿದರು. ಎರಡನೆಯ ಗುಂಪಿನಲ್ಲಿ ಶೇ. 7. ಜರ್ಮನಿಯ ಮ್ಯೂನಿಕ್‌ನಲ್ಲಿ ಪೀಟರ್ ಫಿಶರ್ ಮತ್ತು ಟೋಬಿಯಾಸ್ ಗ್ರೈಟೆಮೈಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಸ್ತ್ರೀದ್ವೇಷದ ಹಾಡು ಕೇಳಿದ ಗಂಡಸರಿಗೆ, ಇನ್ನೊಬ್ಬರು ತಿನ್ನಬೇಕಾದ ಖಾರದ ಸಾಸ್ ಬಡಿಸಲು ಕೊಟ್ಟರು. ತಿನ್ನುವವರು ಹೆಂಗಸೆಂದಾಗ ಅವರು ಹಾಕಿದ ಖಾರ ಹೆಚ್ಚು. ಆದರೆ ಗಂಡಸರನ್ನು ಬೈಯುವ ಹಾಡು ಕೇಳಿದ ಹೆಂಗಸರೂ ಗಂಡಸರ ಮೇಲೆ ಅದೇ ಬಗೆಯ ಸಿಟ್ಟು ತೋರಿಸಿದರು.

ಈ ಪ್ರಯೋಗಗಳಿಂದ ಏನು ತಿಳಿಯಿತು? ಹಾಡು ಕೇಳಿದ ಕೆಲ ನಿಮಿಷ ಮನಸ್ಸು ವಾಲುತ್ತದೆ ಎಂದು ತಿಳಿಯಿತು. ಹತ್ತು ವರ್ಷ ಕೇಳಿದವನು ಗಂಡನಾಗಿ ಹೇಗಿರುತ್ತಾನೆ ಎಂದು ಖಾರದ ಬಟ್ಟಲು ಹೇಳಲಾರದು. ಅಲಬಾಮಾದಲ್ಲಿ 14ರಿಂದ 18 ವರ್ಷದ 522 ಕರಿಯ ಹುಡುಗಿಯರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ರ‍್ಯಾಪ್ ವಿಡಿಯೊ ಹೆಚ್ಚು ನೋಡುವವರು ಶಿಕ್ಷಕರ ಮೇಲೆ ಕೈ ಮಾಡುವ ಸಂಭವ ಉಳಿದವರಿಗಿಂತ ಮೂರು ಪಟ್ಟು ಎಂದಿತ್ತು ಅದು. ನಾನು ಕುರ್ಚಿ ಸ್ವಲ್ಪ ಹಿಂದೆ ಸರಿಸಿಕೊಂಡೇ ಓದಿದೆ. ಆದರೆ ವಿಡಿಯೊ ನೋಡಿ ಜಗಳಗಂಟಿಯರಾದರೋ, ಬದುಕಿನಲ್ಲಿ ಜಗಳವಿದ್ದವರಿಗೆ ಆ ವಿಡಿಯೊ ಹಿಡಿಸಿತೋ ಎಂಬುದು ಇಂಥ ಅಧ್ಯಯನದಲ್ಲಿ ಇತ್ಯರ್ಥವಾಗುವುದಿಲ್ಲ.

ನನ್ನನ್ನು ಕೂರಿಸಿಬಿಟ್ಟದ್ದು ಇನ್ನೊಂದು. ಜೇಮ್ಸ್ ಜಾನ್ಸನ್ ಮತ್ತು ಸಂಗಡಿಗರು 1995ರಲ್ಲಿ 11ರಿಂದ 16 ವರ್ಷದ 60 ಕರಿಯ ಹುಡುಗ-ಹುಡುಗಿಯರ ಜೊತೆ ಮಾಡಿದ್ದು. ಕೆಲವರಿಗೆ ರ‍್ಯಾಪ್ ವಿಡಿಯೊ ತೋರಿಸಿದರು. ಅವುಗಳಲ್ಲಿ ಹೊಡೆದಾಟವಿಲ್ಲ, ಬಡಿದಾಟವಿಲ್ಲ. ಹೆಂಗಸರು ಗಂಡಸಿನ ಸುತ್ತ ಮೈ ತೋರಿಸುತ್ತ ಅಲಂಕಾರಕ್ಕೆ ಇರುವುದು, ಅಷ್ಟೇ. ಆಮೇಲೆ ಒಂದು ಕಥೆ ಓದಿಸಿದರು. ತನ್ನ ಹುಡುಗಿ ಇನ್ನೊಬ್ಬ ಹುಡುಗನ ಜೊತೆ ಸಲಿಗೆಯಿಂದಿದ್ದದ್ದನ್ನು ಕಂಡ ಹುಡುಗ ಕೈ ಮಾಡುತ್ತಾನೆ. ಮಾಡಿದ್ದು ಸರಿಯೇ? ಗಂಡುಹುಡುಗರ ಉತ್ತರದಲ್ಲಿ ವಿಡಿಯೊ ನೋಡಿದವರು, ನೋಡದವರು ಎಂಬ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಹುಡುಗಿಯರಲ್ಲಿ. ವಿಡಿಯೊ ನೋಡಿದ ಹುಡುಗಿಯರು ಆ ಏಟನ್ನು ಹೆಚ್ಚು ಒಪ್ಪಿಕೊಂಡರು.

ಅರವತ್ತು ಮಕ್ಕಳ ಮೇಲೆ ಲೋಕದ ತೀರ್ಮಾನ ಕಟ್ಟಬಾರದು, ಗೊತ್ತು. ಆದರೂ ಪೆನ್‌ಡ್ರೈವ್ ಹಿಡಿದು ನಿಂತ ನನ್ನ ಹುಡುಗಿಯರ ಮಾತು ಈ ಅಧ್ಯಯನ ಓದಿದ ಮೇಲೆ ಬೇರೆಯಾಗಿ ಕೇಳತೊಡಗಿತು. ಮಾತು ಯಾರೂ ಕೇಳುವುದಿಲ್ಲ ಎನ್ನುವುದು ಬಹುಶಃ ನಿಜ. ಕೇಳದೆಯೇ ಒಳಗೆ ಹೋಗುತ್ತದೆ ಎಂಬುದೇ ನನ್ನ ಚಿಂತೆ.

ರ‍್ಯಾಪ್ ಒಂದರ ಮೇಲೇ ಗೂಬೆ ಕೂರಿಸುವವರಿಗೂ ಒಂದು ಪ್ರಯೋಗ ಇದೆ. ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ 1960ರ ಕಾಲದ ಒಂದು ಜನಪದ ಶೈಲಿಯ ಹಾಡಿನ ಸಾಲುಗಳನ್ನು ಕಾಗದದ ಮೇಲೆ ಕೊಟ್ಟು, ಕೆಲವರಿಗೆ ಇದು ರ‍್ಯಾಪ್ ಎಂದರು, ಕೆಲವರಿಗೆ ಇದು ಕಂಟ್ರಿ ಎಂದರು. ಅಕ್ಷರ ಅಕ್ಷರವೂ ಒಂದೇ. ರ‍್ಯಾಪ್ ಎಂದು ನಂಬಿದವರಿಗೆ ಅದು ಹೆಚ್ಚು ಅಪಾಯಕಾರಿಯಾಗಿ ಕಂಡಿತು. ನಮ್ಮಲ್ಲೂ ಹಾಗೇ. ಸುಗ್ಗಿಯಲ್ಲಿ ಟ್ರ್ಯಾಕ್ಟರಿಗೆ ಡಬ್ಬಿ ಕಟ್ಟಿ ಹಚ್ಚುವ ಡಿಜೆ ಹಾಡುಗಳಲ್ಲಿ, ಕೈಕೊಟ್ಟು ಹೋದ ಹುಡುಗಿಗೆ ಹಾಕುವ ಶಾಪಗಳನ್ನು ಕೇಳಿದ್ದೀರಲ್ಲ? ಅವು ‘ಜಾನಪದ’ ಎಂಬ ಹೆಸರಿನಲ್ಲಿ ಪಾರಾಗುತ್ತವೆ. ನಮ್ಮ ಸ್ಟಾಫ್ ರೂಮಿನಲ್ಲಿ ರ‍್ಯಾಪ್ ಬೇಡವೆನ್ನುವ ಹಿರಿಯರೇ ಅವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ.

ಜವಾಬು ಕೊಟ್ಟವರ ಕಡೆ ಬರೋಣ. 1984ರಲ್ಲಿ ಯುಟಿಎಫ್‌ಒ ಎಂಬ ಗಂಡಸರ ತಂಡ, ತಮ್ಮನ್ನು ತಿರುಗಿ ನೋಡದ ರೊಕ್ಸಾನ್ ಎಂಬ ಹುಡುಗಿಯನ್ನು ಹಂಗಿಸಿ ಹಾಡು ಮಾಡಿತು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಸರ್ಕಾರಿ ವಸತಿಯ 14 ವರ್ಷದ ಹುಡುಗಿಯೊಬ್ಬಳು, ನಾನೇ ಆ ರೊಕ್ಸಾನ್ ಎಂದು ಎದ್ದು ನಿಂತಳು. ಬಟ್ಟೆ ಒಗೆಯಲು ಹೋಗುವ ದಾರಿಯಲ್ಲಿ ನಿರ್ಮಾಪಕ ಮಾರ್ಲಿ ಮಾರ್ಲ್ ಮನೆಗೆ ಹೊಕ್ಕು, ನಿಂತ ನಿಲುವಿನಲ್ಲೇ ಉತ್ತರ ಕಟ್ಟಿ ಹಾಡಿ ಹೊರಟೆ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ರೊಕ್ಸಾನ್ ಶಾಂಟೆ ಎಂಬ ಹೆಸರಿನಲ್ಲಿ ಆಕೆ ಹಾಡಿದ ಆ ಹಾಡು ಹೊತ್ತಿಸಿದ ಕಿಡಿಗೆ ಸರಣಿ ಉತ್ತರ-ಪ್ರತ್ಯುತ್ತರಗಳು ಹೊರಟವು. ನ್ಯೂಜೆರ್ಸಿಯ ಕ್ವೀನ್ ಲತೀಫಾ 1993ರಲ್ಲಿ ಬೀದಿಯಲ್ಲಿ ಮೈಮುಟ್ಟುವವನನ್ನು, ಮನೆಯಲ್ಲಿ ಹೊಡೆಯುವವನನ್ನು, ಹಾಡಿನಲ್ಲಿ ಬೈಯುವವನನ್ನು ಒಂದೇ ಹಾಡಿನಲ್ಲಿ ತರಾಟೆಗೆ ತೆಗೆದುಕೊಂಡು 1995ರಲ್ಲಿ ಗ್ರ್ಯಾಮಿ ಪಡೆದರು.

ಕಾಲೇಜಿನವಳಾದ ನನಗೆ ಹೆಚ್ಚು ಹತ್ತಿರವಾದದ್ದು ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನ ಪ್ರಸಂಗ. 1881ರಲ್ಲಿ ಕರಿಯ ಹೆಣ್ಣುಮಕ್ಕಳಿಗಾಗಿ ಶುರುವಾದ ಕಾಲೇಜು. 2004ರಲ್ಲಿ ನೆಲ್ಲಿ ಎಂಬ ಪ್ರಸಿದ್ಧ ರ‍್ಯಾಪರ್ ಅಲ್ಲಿಗೆ ಬರುವವರಿದ್ದರು. ಹಾಡಲು ಅಲ್ಲ. ಅವರ ಅಕ್ಕನಿಗೆ ರಕ್ತದ ಕ್ಯಾನ್ಸರ್, ಅಸ್ಥಿಮಜ್ಜೆ ದಾನಿಗಳನ್ನು ನೋಂದಾಯಿಸುವ ಶಿಬಿರ ಮಾಡಬೇಕಿತ್ತು. ಅದೇ ಹೊತ್ತಿಗೆ ಅವರ ಒಂದು ವಿಡಿಯೊ ಟಿವಿಯಲ್ಲಿ ಮಧ್ಯರಾತ್ರಿ ಬರುತ್ತಿತ್ತು. ಅದರ ಕೊನೆಯಲ್ಲಿ ಅವರು ಕುಣಿಯುವವಳೊಬ್ಬಳ ಹಿಂಭಾಗದ ನಡುವೆ ಕ್ರೆಡಿಟ್ ಕಾರ್ಡ್ ಎಳೆಯುತ್ತಾರೆ, ಅಂಗಡಿಯ ಮಷಿನ್ನಿನಲ್ಲಿ ಎಳೆದಂತೆ. ವಿದ್ಯಾರ್ಥಿನಿಯರು ಶಿಬಿರ ಬೇಡ ಎನ್ನಲಿಲ್ಲ. ಬನ್ನಿ, ನೋಂದಣಿಯೂ ಆಗಲಿ, ಆ ವಿಡಿಯೊ ಬಗ್ಗೆ ನಮ್ಮ ಜೊತೆ ಕೂತು ಮಾತೂ ಆಗಲಿ ಎಂದರು. ನೆಲ್ಲಿಯವರ ಪ್ರತಿಷ್ಠಾನ ಶಿಬಿರವನ್ನೇ ಹಿಂತೆಗೆದುಕೊಂಡಿತು. ಮುಂದಿನ ವರ್ಷ ಅಕ್ಕ ತೀರಿಕೊಂಡರು. ಎಷ್ಟೋ ವರ್ಷಗಳ ನಂತರವೂ ನೆಲ್ಲಿ ಆ ಹುಡುಗಿಯರ ಮೇಲಿನ ಕಹಿ ಬಿಟ್ಟಿರಲಿಲ್ಲ.

ಈ ಕಥೆ ಹೇಳಿದಾಗ ನಮ್ಮ ತರಗತಿ ಪ್ರತಿ ಸಲ ಎರಡು ಭಾಗವಾಗುತ್ತದೆ. ಸಾಯುವವಳಿಗೆ ಸಹಾಯ ಮಾಡುವಾಗ ವಿಡಿಯೊ ಮಾತು ಯಾಕೆ ಎತ್ತಬೇಕಿತ್ತು ಎಂದು ಕೆಲವರು. ನಮ್ಮ ಮಜ್ಜೆ ಬೇಕು, ನಮ್ಮ ಮಾತು ಬೇಡವಾ ಎಂದು ಕೆಲವರು. ನಾನು ಎರಡನೆಯವರ ಪಕ್ಷ, ಆದರೆ ಮೊದಲನೆಯವರ ಸಂಕಟವೂ ನನಗೆ ತಿಳಿಯುತ್ತದೆ. ಆ ಹುಡುಗಿಯರನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಮೋಯಾ ಬೇಯ್ಲಿ ಮುಂದೆ ಪ್ರಾಧ್ಯಾಪಕಿಯಾದರು, ಕರಿಯ ಹೆಂಗಸರ ಮೇಲಿನ ದ್ವೇಷದ ಬಗ್ಗೆಯೇ ಕೆಲಸ ಮಾಡಿದರು. ‘ಎಸೆನ್ಸ್’ ಎಂಬ ಕರಿಯ ಹೆಂಗಸರ ಪತ್ರಿಕೆ 2005ರಲ್ಲಿ, ನಮ್ಮ ಸಂಗೀತವನ್ನು ನಾವು ಮರಳಿ ಪಡೆಯೋಣ ಎಂಬ ಅಭಿಯಾನ ಹೂಡಿತು. ಇವರಾರೂ ರ‍್ಯಾಪ್ ನಿಲ್ಲಿಸಿ ಎನ್ನಲಿಲ್ಲ. ಅವರು ರ‍್ಯಾಪ್ ಕೇಳುತ್ತ ಬೆಳೆದವರು.

ನಮ್ಮ ದೇಶದಲ್ಲಿ ಈ ಚರ್ಚೆ ಕಾವೇರಿದ್ದು 2012ರ ಡಿಸೆಂಬರ್‌ನಲ್ಲಿ, ದೆಹಲಿಯ ಬಸ್ಸಿನಲ್ಲಿ ಯುವತಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ನಂತರ. ಯೋ ಯೋ ಹನಿ ಸಿಂಗ್ ಎಂಬ ರ‍್ಯಾಪರ್ ಹೆಸರಿನಲ್ಲಿ ಅತ್ಯಾಚಾರವನ್ನೇ ಮೆರೆಸುವ ಹಾಡೊಂದು ಹರಿದಾಡುತ್ತಿತ್ತು. ಅದು ತನ್ನದಲ್ಲ ಎಂದು ಅವರು ಹೇಳಿದರು. ಆದರೂ ಸಿಟ್ಟಿಗೆದ್ದ ಜನ ಸಹಿ ಸಂಗ್ರಹಿಸಿದರು, ಗುರ್‌ಗಾಂವ್‌ನ ಹೋಟೆಲೊಂದು ಅವರ ಹೊಸ ವರ್ಷದ ಕಾರ್ಯಕ್ರಮ ರದ್ದು ಮಾಡಿತು. 2019ರಲ್ಲಿ ಅವರ ‘ಮಖ್ನಾ’ ಹಾಡಿನ ಮೇಲೆ ಪಂಜಾಬ್ ಮಹಿಳಾ ಆಯೋಗದ ದೂರಿನಿಂದ ಮೊಹಾಲಿಯಲ್ಲಿ ಕೇಸೂ ಆಯಿತು. ಹಾಡುಗಳು ನಿಲ್ಲಲಿಲ್ಲ, ನಮ್ಮ ಗ್ಯಾದರಿಂಗ್ ಪೆನ್‌ಡ್ರೈವ್‌ಗಳಲ್ಲಿ ಅವು ಇಂದಿಗೂ ಇವೆ. ಇದೇ ದೇಶದಲ್ಲಿ 2015ರಲ್ಲಿ ಸೋಫಿಯಾ ಅಶ್ರಫ್ ಎಂಬ ತಮಿಳುನಾಡಿನ ಯುವತಿ ಕೊಡೈಕೆನಾಲ್ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮಾಲಿನ್ಯದ ಬಗ್ಗೆ ರ‍್ಯಾಪ್ ಮಾಡಿದರು. ಮುಂದಿನ ವರ್ಷ ಕಂಪನಿ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳ ಜೊತೆ ಒಪ್ಪಂದಕ್ಕೆ ಬಂತು. ಕಾರ್ಮಿಕರ ವರ್ಷಗಳ ಹೋರಾಟದ ಫಲ ಅದು, ಆದರೆ ದೇಶದ ಕಿವಿಗೆ ಅದನ್ನು ಮುಟ್ಟಿಸಿದ್ದರಲ್ಲಿ ಆ ಹಾಡಿನ ಪಾಲು ದೊಡ್ಡದು.

ಕನ್ನಡದ ರ‍್ಯಾಪ್ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟೊ, ಎಂಸಿ ಬಿಜ್ಜು ಅವರಂಥವರಿಂದ ಬೆಳೆಯಿತು. 2017ರಲ್ಲಿ ಚಂದನ್ ಶೆಟ್ಟಿಯವರ ‘ತ್ರೀ ಪೆಗ್’ ಕೇಳದ ಮದುವೆ ಮನೆ ಇರಲಿಲ್ಲ. ದೊಡ್ಡ ವಿವಾದವಾದದ್ದು 2020ರ ಆಗಸ್ಟ್‌ನಲ್ಲಿ ಅವರು ತಂದ ‘ಕೋಲುಮಂಡೆ’ ವಿಡಿಯೊ. ಮಲೆ ಮಹದೇಶ್ವರನ ಜನಪದ ಹಾಡಿಗೆ ರ‍್ಯಾಪ್ ಬೆರೆಸಿದ್ದರು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಿದ್ದಾರೆ ಎಂದು ಭಕ್ತರು ದೂರಿದರು. ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊ ಹಿಂದಕ್ಕೆ ಹೋಯಿತು.

ಅಲ್ಲಿಗೆ ಮುಗಿಯಿತು, ಅದೇ ನನಗೆ ಬೇಸರ. ಸಂಕಮ್ಮ ತೊಟ್ಟ ಬಟ್ಟೆಯ ಬಗ್ಗೆ ವಾರಗಟ್ಟಲೆ ಮಾತಾಡಿದೆವು, ಸಂಕಮ್ಮ ಆಡಿದ ಮಾತಿನ ಬಗ್ಗೆ ಯಾರೂ ಆಡಲಿಲ್ಲ. ಕಂಸಾಳೆಯವರು ಹಾಡುವ ಕಾವ್ಯದಲ್ಲಿ ಅವಳ ಗಂಡ ನೀಲಯ್ಯ ಕಾಡಿಗೆ ಹೊರಡುವ ಮುಂಚೆ, ನಾನಿಲ್ಲದಾಗ ಪರಪುರುಷನನ್ನು ನೋಡುವುದಿಲ್ಲ ಎಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಕೊಡುವುದಿಲ್ಲ ಎನ್ನುತ್ತಾಳೆ ಸಂಕಮ್ಮ. ಚಿತ್ರಹಿಂಸೆ ಕೊಟ್ಟರೂ ಕೊಡುವುದಿಲ್ಲ. ಮಾದಪ್ಪ, ಅಂದರೆ ಮಹದೇಶ್ವರ, ನಿಲ್ಲುವುದು ಅವಳ ಪರ. ಇಂಥ ಹೆಣ್ಣನ್ನು ಕೈಯಲ್ಲಿ ಹಿಡಿದ ರ‍್ಯಾಪರ್‌ಗೆ ಎಷ್ಟು ದೊಡ್ಡ ಹಾಡು ಸಿಕ್ಕಿತ್ತು! ಅವಳನ್ನು ಗ್ಲಾಮರ್‌ಗೆ ಬಳಸಿಕೊಂಡವರಿಗೂ ಅದು ಬೇಕಾಗಲಿಲ್ಲ, ದೂರು ಕೊಟ್ಟವರಿಗೂ ಬೇಕಾಗಲಿಲ್ಲ.

ನನ್ನ ತವರು ಜಮಖಂಡಿ ಕಡೆ. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಗೀಗೀ ಮೇಳ ಹಚ್ಚಿದರೆ ಬೆಳಗಿನವರೆಗೆ ಏಳುವವರಿಲ್ಲ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು. ದಪ್ಪು, ತುಂತುಣಿ, ಸವಾಲು, ಜವಾಬು. ಗಂಡಸರ ಮೇಳ ಹೆಣ್ಣನ್ನು ಹಂಗಿಸಿ ಸವಾಲು ಒಗೆದರೆ, ಎದುರು ಮೇಳದ ಹಾಡುಗಾರ್ತಿ ಸೆರಗು ಸಿಗಿಸಿಕೊಂಡು ಏಳುವುದನ್ನೇ ನನ್ನ ಅತ್ತಿಗೆ, ಅವ್ವ, ಚಿಕ್ಕಮ್ಮಂದಿರು ಕಾಯುತ್ತಿದ್ದರು. ಹಂಗಿಸುವುದನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಅವಳ ಸರದಿ ಬಂದೇ ಬರುತ್ತದೆ ಎಂಬ ನಂಬಿಕೆ ಇತ್ತು. ಮೊಬೈಲಿನಲ್ಲಿ ಬರುವ ರ‍್ಯಾಪ್‌ಗೆ ಎದುರು ಮೇಳ ಇಲ್ಲ. ಮುಗಿದ ಕೂಡಲೇ ಅದರಂಥದ್ದೇ ಇನ್ನೊಂದು ಹಾಡು ತಾನಾಗಿ ಬರುತ್ತದೆ.

ಹಾಗಾಗಿ ಸಮಿತಿಯಲ್ಲಿ ಈಗ ಬೇರೆ ನಿಯಮ ಇಟ್ಟಿದ್ದೇನೆ. ಹಾಡು ಬೇಡವೆನ್ನುವುದಿಲ್ಲ. ಯಾವ ಹಾಡು ತಂದರೂ ಅದರ ಅರ್ಥವನ್ನು ಸಾದಾ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಹುಡುಗ-ಹುಡುಗಿಯರೆಲ್ಲ ಇರುವಾಗ ಬೀಟ್ ಇಲ್ಲದೆ ಓದಬೇಕು. ಗತ್ತಿನಿಂದ ಬಂದವನೊಬ್ಬ ಮೂರನೆಯ ಸಾಲಿಗೇ ಕಿವಿ ಕೆಂಪಗೆ ಮಾಡಿಕೊಂಡು, “ಮ್ಯಾಡಂ, ಇದನ್ನ ಓದಾಕ ಬರಂಗಿಲ್ರಿ, ಬ್ಯಾರೇದ್ ತರ್ತೀನ್ರಿ” ಎಂದು ಹಾಳೆ ಮಡಚಿದ. ಅರ್ಧಕ್ಕರ್ಧ ಹಾಡು ಹೀಗೇ ಉದುರುತ್ತವೆ. ಓದಿದ್ದಕ್ಕೆ ಉತ್ತರ ಕಟ್ಟಬೇಕೆಂದರೆ ಯಾರಾದರೂ ಕಟ್ಟಬಹುದು, ಅದಕ್ಕೂ ವೇದಿಕೆಯಲ್ಲಿ ಸಮಯ ಉಂಟು.

ಹೋದ ಗ್ಯಾದರಿಂಗ್‌ಗೆ ಕಾಮರ್ಸ್ ಸೆಕೆಂಡ್ ಇಯರಿನ ಒಬ್ಬಳು ಕಟ್ಟಿದಳು. ಅಪ್ಪಟ ಹುಬ್ಬಳ್ಳಿ ಮಾತಿನ ರ‍್ಯಾಪ್. ಬಸ್ಸಿನಲ್ಲಿ ಮೈಗೆ ಮೈ ತಾಗಿಸುವವನು, ರೀಲ್ಸ್‌ನಲ್ಲಿ ಹೆಸರಿಲ್ಲದೆ ಬೈಯುವವನು, ಟ್ಯೂಷನ್ ಬಿಟ್ಟಾಗ ಹಿಂದೆ ಬೈಕ್ ಹಚ್ಚುವವನು ಎಲ್ಲ ಅದರಲ್ಲಿದ್ದರು. ಒಂದೆರಡು ಬೈಗುಳವೂ ಇದ್ದವು. ಸಾಹಿತ್ಯ ನೋಡಿದ ಹಿರಿಯರು ಬೈಗುಳ ಬಿಟ್ಟರು, ಎರಡು ಸಾಲು ಹೊಡೆದುಹಾಕಿದರು. ಆ ಎರಡು ಸಾಲುಗಳಲ್ಲಿದ್ದದ್ದು ನಮ್ಮದೇ ಕಾಲೇಜಿನ ಬೈಕ್ ಸ್ಟ್ಯಾಂಡಿನ ವಿಷಯ. ಸಂಸ್ಥೆಯ ಹೆಸರಿನ ಪ್ರಶ್ನೆ ಎಂದರು. ನಾನು ವಾದಿಸಿ ನೋಡಿದೆ, ಆಗಲಿಲ್ಲ.

ಅವಳು ವೇದಿಕೆಗೆ ಬಂದು ಒಪ್ಪಿದಂತೆಯೇ ಹಾಡಿದಳು. ಆ ಜಾಗ ಬಂದಾಗ ಮೈಕು ಕೆಳಗಿಳಿಸಿ ಬೀಟ್ ಮಾತ್ರ ಓಡಲು ಬಿಟ್ಟಳು. ಹಿಂದಿನ ಬೆಂಚುಗಳಿಂದ ಹುಡುಗಿಯರು ಆ ಎರಡೂ ಸಾಲು ಹೇಳಿದರು. ಎಲ್ಲರಿಗೂ ಬಾಯಿಪಾಠವಾಗಿತ್ತು.